ಅವ್ವನ ಏಳು ಮಾತ್ರೆ

ಅವ್ವ ತೀರಿಕೊಳ್ಳುವ ಹಿಂದಿನ ವರ್ಷ ಧಾರವಾಡದ ಮನೆಯಲ್ಲಿ ಹಾಡಿದ ಹಾಡೊಂದು ನನ್ನ ಫೋನಿನಲ್ಲಿತ್ತು. ಪುಣೆಯ ಫ್ಲ್ಯಾಟಿನಲ್ಲಿ ಕೂತು ಅದಕ್ಕೆ ತಾಳ ಕೂಡಿಸಲು ಹೊರಟೆ. ದುಡ್ಡು ಕೊಟ್ಟು ತಂದ ಡ್ರಮ್ ಲೂಪ್‌ಗಳೆಲ್ಲ ನಾಲ್ಕರ ಲೆಕ್ಕದವು. ಅವ್ವನದು ಹಿಂದೂಸ್ತಾನಿ ರೂಪಕ, ಮೂರು-ಎರಡು-ಎರಡು. ಹುಡುಕಿ ತಬಲಾ ಲೂಪ್ ತಂದರೆ ಶ್ರುತಿ ಬೇರೆ. ಅದನ್ನೇನೋ ಸರಿಮಾಡಿದೆ. ಆದರೆ ಎರಡನೇ ನುಡಿಯಲ್ಲಿ ಉಸಿರು ಸಾಲದೆ ಅವ್ವ ನಿಧಾನವಾಗುತ್ತಾಳೆ, ಲೂಪ್ ಕಾಯುವುದಿಲ್ಲ. ಆಡಿಯೋ ಲೂಪನ್ನು ಬಹಳ ಎಳೆದರೆ ಡಗ್ಗಾದ ನಾದ ಕಲಸಿಹೋಗುತ್ತದೆ. ಮಿಡಿ ಲೂಪಿನಲ್ಲಿರುವುದು ಪೆಟ್ಟಿನ ಸೂಚನೆ ಮಾತ್ರ, ಎಳೆದರೂ ಕೆಡದು.

“ಅತ್ತೀಯವರ ದನೀನೇ ಲೂಪಿಗೆ ಹೊಂದಿಸ್ರಿ” ಅಂದಳು ಹೆಂಡತಿ. ಸಾಫ್ಟ್‌ವೇರಿಗೆ ಅದು ಸುಲಭ. ಆಫೀಸಿನಲ್ಲಿ ಎಲ್ಲರನ್ನೂ ಗಡುವಿಗೆ ಹೊಂದಿಸುವವನು ನಾನೇ. ಇಲ್ಲಿ ಕೈ ಬರಲಿಲ್ಲ. ಮಿಡಿ ಲೂಪಿಟ್ಟು, ಅವ್ವನ ಒಂದೊಂದು ಆವರ್ತನಕ್ಕೂ ವೇಗ ಬದಲಿಸುತ್ತ ಹೋದೆ. ಎರಡನೇ ನುಡಿಯೊಂದಕ್ಕೇ ಮೂರು ರಾತ್ರಿ ಹಿಡಿಯಿತು.