ಅಪ್ಪನ 32 ಟೋನ್‌ಗಳು

"ಪುಟ್ಟಿ, ಆ ಕೀಬೋರ್ಡ್ ಕೊಟ್ಬಿಡೋಣ ಅಂತಿದೀನಿ. ಹಾಸನದೋರು ಒಬ್ರು ಕೇಳ್ತಾ ಇದಾರೆ" ಅಂತ ಅಪ್ಪನೇ ಫೋನ್ ಮಾಡಿದ್ದು. ಆಫೀಸಿನಲ್ಲಿದ್ದೆ, "ಹೂಂ, ಕೊಡಿ" ಅಂದುಬಿಟ್ಟೆ. ಸಂಜೆ ಮೆಟ್ರೋದಲ್ಲಿ ನಿಂತಿದ್ದಾಗ ಏನೋ ಚುಚ್ಚಿದ ಹಾಗಾಯ್ತು. ಇಳಿದ ಮೇಲೆ ವಾಪಸ್ ಫೋನ್ ಮಾಡಿದೆ. "ಶನಿವಾರ ಬರ್ತೀನಿ, ಅಲ್ಲೀವರೆಗೂ ಕೊಡಬೇಡಿ."

ನಮ್ಮ ಮನೆಯಲ್ಲಿ ಕೀಬೋರ್ಡ್ ಅಂದರೆ ಒಂದೇ. ಯಮಹಾ ಡಿಎಕ್ಸ್7. ಅಪ್ಪ ತಿಪಟೂರಿನಲ್ಲಿ ಹಗಲು ಕೆಇಬಿ ಮೀಟರ್ ರೀಡರ್, ಗಣೇಶನ ಸೀಸನ್ನಿನಲ್ಲಿ ರಾತ್ರಿ ಆರ್ಕೆಸ್ಟ್ರಾ ಕೀಬೋರ್ಡ್ ಪ್ಲೇಯರ್. 1992ರಲ್ಲಿ ಚೀಟಿ ಎತ್ತಿ, ಬೆಂಗಳೂರಿನ ಯಾವುದೋ ಆರ್ಕೆಸ್ಟ್ರಾದವರಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಅಮ್ಮ ಆ ಚೀಟಿ ದುಡ್ಡಲ್ಲಿ ಫ್ರಿಜ್ ಬರುತ್ತೆ ಅಂದುಕೊಂಡಿದ್ದಳು. ಆ ವಿಷಯ ಇವತ್ತಿಗೂ ಹಬ್ಬಕ್ಕೊಮ್ಮೆ ನಮ್ಮನೇಲಿ ಬರುತ್ತೆ.

ಯಂತ್ರದ ಬಗ್ಗೆ ಎರಡು ಮಾತು ಹೇಳಲೇಬೇಕು. 1983ರಲ್ಲಿ ಬಂದ ಸಿಂಥಸೈಜರ್ ಇದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಜಾನ್ ಚೌನಿಂಗ್ ಕಂಡುಹಿಡಿದ ಎಫ್‌ಎಂ ವಿಧಾನವನ್ನು ಯಮಹಾ ಲೈಸೆನ್ಸ್ ಪಡೆದು, ಕೈಗೆಟಕುವ ಹಾಗೆ ಪೆಟ್ಟಿಗೆಯೊಳಗೆ ಕೂರಿಸಿತು. ಒಳಗೆ ಆರು ಸರಳ ಅಲೆಗಳು. ಒಂದು ಇನ್ನೊಂದನ್ನು ಅಲುಗಾಡಿಸುತ್ತೆ, ಆ ಅಲುಗಾಟದಿಂದ ಗಂಟೆ, ಪಿಯಾನೋ, ಬೇಸ್ ಎಲ್ಲ ಹುಟ್ಟುತ್ತೆ. ಎಂಬತ್ತರ ದಶಕದ ಇಂಗ್ಲಿಷ್ ಪ್ರೇಮಗೀತೆಗಳಲ್ಲಿ ಗಾಜಿನ ಹಾಗೆ ಮಿನುಗುವ ಪಿಯಾನೋ ಕೇಳಿದ್ದರೆ, ಅದು ಬಹುಪಾಲು ಈ ಯಂತ್ರದ್ದೇ. ಆದರೆ ಹೊಸ ಟೋನ್ ಮಾಡುವುದು ಮಹಾ ಕಷ್ಟ. ಪುಟ್ಟ ಪರದೆ, ಒಂದೇ ಒಂದು ಸ್ಲೈಡರ್, ಒತ್ತಿದರೂ ಒತ್ತಿದೆವೋ ಇಲ್ಲವೋ ಗೊತ್ತಾಗದ ಚಪ್ಪಟೆ ಗುಂಡಿಗಳು. ಹಾಗಾಗಿ ಕಂಪನಿ ಕೊಟ್ಟ ಟೋನ್‌ಗಳನ್ನೇ ಜನ ಬಾರಿಸಿಕೊಂಡು ಸುಮ್ಮನಿದ್ದರು. ಅಪ್ಪ ಸುಮ್ಮನಿರಲಿಲ್ಲ.

ಶನಿವಾರ ಮಂಚದ ಕೆಳಗಿಂದ ಕೇಸ್ ಎಳೆದೆವು. ನುಸಿಗುಳಿಗೆ ವಾಸನೆ. ಸ್ವಿಚ್ ಹಾಕಿದರೆ ಬಂತು! ಒಂದೊಂದೇ ಗುಂಡಿ ಒತ್ತುತ್ತಾ ಹೋದೆ. ಹೆಸರಿಗೆ ಹತ್ತೇ ಅಕ್ಷರ ಜಾಗ, ಅದೂ ಇಂಗ್ಲಿಷಿನಲ್ಲಿ. ಅಷ್ಟರಲ್ಲೇ ಅಪ್ಪ ಬರೆದಿದ್ದರು: ಓಲಗ 2, ಕೊಳಲು ಸಣ್ಣ, ದೇವಸ್ಥಾನ, ಮಳೆ ಬೆಲ್. ಕಂಪನಿ ಕೊಟ್ಟದ್ದು ಒಂದೂ ಉಳಿದಿರಲಿಲ್ಲ. ಮೂವತ್ತೆರಡೂ ಅಪ್ಪನದೇ. ಇಪ್ಪತ್ತೇಳನೆಯದರ ಹೆಸರು 'ಪಾಪು ಅಳು'. ಒತ್ತಿದೆ. ಮೂಗಿನಿಂದ ಎಳೆಯುವ, ಕೊನೆಯಲ್ಲಿ ಮೇಲಕ್ಕೆ ಜಾರುವ ಒಂದು ವಿಚಿತ್ರ ದನಿ.

"ಇದೇನಪ್ಪಾ?"

"ತೊಂಬತ್ನಾಲ್ಕರದ್ದು. ನೀನು ಹುಟ್ಟಿ ಮೂರು ತಿಂಗಳು. ರಾತ್ರಿಯೆಲ್ಲಾ ನಿದ್ದೆ ಕೊಡ್ತಿರಲಿಲ್ಲ. ಹೆಂಗೂ ಎಚ್ಚರ ಇದೀನಲ್ಲ ಅಂತ ಕೂತು ಮಾಡಿದ್ದು. ನೀನು ಅಳ್ತಿದ್ದ ಶ್ರುತೀನೇ ಅದು."

ನನಗೆ ಆವತ್ತಿನವರೆಗೂ ಇದು ಗೊತ್ತೇ ಇರಲಿಲ್ಲ.

ಈ ಯಂತ್ರಕ್ಕೆ ಬ್ಯಾಟರಿ ವೋಲ್ಟೇಜ್ ತೋರಿಸುವ ಒಂದು ಸೌಲಭ್ಯ ಇದೆ. ನೋಡಿದರೆ, 3 ವೋಲ್ಟ್ ಇರಬೇಕಾದದ್ದು 2.3. ಒಳಗೆ ಬೋರ್ಡಿಗೆ ಬೆಸುಗೆ ಹಾಕಿದ ಒಂದು ನಾಣ್ಯದಂಥ ಬ್ಯಾಟರಿ ಇರುತ್ತೆ. ಕರೆಂಟ್ ಇಲ್ಲದಾಗ ಆ 32 ಟೋನ್‌ಗಳನ್ನು ಹಿಡಿದಿಟ್ಟುಕೊಂಡಿರೋದು ಅದೊಂದೇ. ಅದು ಸತ್ತರೆ ಓಲಗವೂ ಇಲ್ಲ, ಪಾಪುವೂ ಇಲ್ಲ. ಇಷ್ಟು ವರ್ಷ ಬಾಳಿದ್ದೇ ದೊಡ್ಡದು.

ಬೆಂಗಳೂರಿನ ರೂಮಿನಲ್ಲಿ ನಾನು ರೀಪರ್ ಅನ್ನೋ ಸಾಫ್ಟ್‌ವೇರಿನಲ್ಲಿ ಶಾರ್ಟ್ ಫಿಲ್ಮ್‌ಗಳಿಗೆ ಒಂದಿಷ್ಟು ಹಿನ್ನೆಲೆ ಸಂಗೀತ ಮಾಡ್ತೀನಿ. ಎಲ್ಲ ಲ್ಯಾಪ್‌ಟಾಪಿನೊಳಗೇ. ನಿಜವಾದ ಸಿಂಥಸೈಜರನ್ನು ಕಂಪ್ಯೂಟರಿಗೆ ಕಟ್ಟಿದ್ದು ಇದೇ ಮೊದಲು. ಅದರ ಹಿಂದೆ ಇರುವ ಐದು ಪಿನ್ನಿನ ದುಂಡು ತೂತಿನ ಹೆಸರು ಮಿಡಿ. ಇದೂ 1983ರ ಕೂಸೇ. ಡೇವ್ ಸ್ಮಿತ್, ಇಕುತಾರೊ ಕಾಕೆಹಾಶಿ ಮತ್ತಿತರರು ಸೇರಿ, ಒಂದು ಕಂಪನಿಯ ಯಂತ್ರ ಇನ್ನೊಂದರ ಜತೆ ಮಾತಾಡಲಿ ಅಂತ ಒಪ್ಪಿಕೊಂಡ ಭಾಷೆ. ನಲವತ್ತು ವರ್ಷ ಹಿಂದಿನ ಯಂತ್ರ ಇವತ್ತಿನ ಲ್ಯಾಪ್‌ಟಾಪಿನ ಜತೆ ಮಾತಾಡುತ್ತೆ ಅಂದರೆ ಅದಕ್ಕೆ ಈ ಒಪ್ಪಂದವೇ ಕಾರಣ. ನನ್ನ ಐದು ವರ್ಷದ ಹಳೇ ಪ್ರಿಂಟರ್ ಮಾತಾಡಲ್ಲ, ಅದು ಬೇರೆ ಕಥೆ.

ಆನ್‌ಲೈನಿನಲ್ಲಿ ಸಿಕ್ಕ ಅತಿ ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್ ತಗೊಂಡು ಹೋಗಿದ್ದೆ. ಸ್ವರಗಳು ಚೆನ್ನಾಗಿ ಬಂದವು. ಆದರೆ 32 ಟೋನ್‌ಗಳನ್ನು ಒಟ್ಟಿಗೆ ಕಂಪ್ಯೂಟರಿಗೆ ಇಳಿಸಿದಾಗ ಫೈಲ್ ತೆರೆಯಲೇ ಇಲ್ಲ. ಒಂದೊಂದು ಟೋನಿಗೆ 128 ಬೈಟ್, ತಲೆ ಬಾಲ ಸೇರಿ ಒಟ್ಟು 4,104 ಬೈಟ್ ಇರಬೇಕು. ನನ್ನ ಫೈಲು ಮೂರು ಸಾವಿರ ಚಿಲ್ಲರೆ. ಇನ್ನೊಮ್ಮೆ ಇಳಿಸಿದರೆ ಬೇರೆಯದೇ ಲೆಕ್ಕ. ಒಂದೊಂದೇ ಸ್ವರ ಸಾಗಿಸೋದು ಇಂಥ ಕೇಬಲ್‌ಗಳಿಗೆ ಸುಲಭ. ಒಂದೇ ಉಸಿರಿಗೆ ಉದ್ದದ ಸಂದೇಶ ಬಂದರೆ ಕೆಲವು ನಡುವೆ ನುಂಗಿಬಿಡುತ್ತವೆ. ನೀವೂ ಹಳೇ ಯಂತ್ರ ಉಳಿಸೋಕೆ ಹೊರಟಿದ್ದರೆ ಇಲ್ಲಿ ಮಾತ್ರ ಜಿಪುಣತನ ಬೇಡ.

ಆ ಗಡಿಬಿಡಿಯಲ್ಲಿ ಇನ್ನೊಂದು ಎಡವಟ್ಟು. 'ತಗೋ' ಒತ್ತುವ ಬದಲು 'ಕಳಿಸು' ಒತ್ತಿಬಿಟ್ಟೆ. ಆ ಅರೆಬೆಂದ ಫೈಲು ವಾಪಸ್ ಯಂತ್ರಕ್ಕೆ ಹೊರಟಿತು. ಕೈಕಾಲು ತಣ್ಣಗಾದವು. ಆದರೆ ಪುಣ್ಯಕ್ಕೆ ಡಿಎಕ್ಸ್7 ಅಷ್ಟು ಸಲೀಸಾಗಿ ಏನನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪ್ರತಿಸಲ ಸ್ವಿಚ್ ಹಾಕಿದಾಗಲೂ ತನ್ನ ಮೆಮೊರಿಗೆ ತಾನೇ ಬೀಗ ಹಾಕಿಕೊಂಡಿರುತ್ತೆ. ಬೇಕಂತಲೇ ಬೀಗ ತೆಗೆದರೆ ಮಾತ್ರ ಹೊಸದು ಒಳಗೆ ಹೋಗೋದು. ಒಂದೊಂದಾಗಿ ಮೂವತ್ತೆರಡನ್ನೂ ಒತ್ತಿ ನೋಡಿದೆ. ಎಲ್ಲ ಇದ್ದವು. ಅಪ್ಪನಿಗೆ ಹೇಳಲಿಲ್ಲ. ಇದನ್ನು ಓದಿದಾಗ ಗೊತ್ತಾಗುತ್ತೆ.

ಮುಂದಿನ ವಾರ ಗೆಳತಿಯ ಹತ್ತಿರ ಮಿಡಿ ಇರುವ ಒಳ್ಳೆಯ ಆಡಿಯೋ ಇಂಟರ್‌ಫೇಸ್ ಕೇಳಿ ತಂದೆ. ಒಂದೇ ಸಲಕ್ಕೆ ಬಂತು, 4,104. ಮಿಡಿ ಸೆಕೆಂಡಿಗೆ 31,250 ಬಿಟ್‌ನಷ್ಟು ಮಾತ್ರ ಸಾಗಿಸುತ್ತೆ. ಅಷ್ಟು ನಿಧಾನದಲ್ಲೂ ಅಪ್ಪನ ಅಷ್ಟೂ ರಾತ್ರಿಗಳ ಕೆಲಸ ಇಳಿಯೋಕೆ ಒಂದೂಕಾಲು ಸೆಕೆಂಡು ಸಾಕಾಯ್ತು. "ಅಷ್ಟೇನಾ?" ಅಂದರು ಅಪ್ಪ. ಸ್ವಲ್ಪ ಬೇಜಾರಾದ ಹಾಗಿತ್ತು.

ಫೈಲು ಬಂತು. ಡೆಕ್ಸೆಡ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಡಿಎಕ್ಸ್7 ಅನ್ನೇ ಅನುಕರಿಸುತ್ತೆ. ಅದಕ್ಕೆ ಹಾಕಿದರೆ ಓಲಗ ಹೆಚ್ಚುಕಡಿಮೆ ಹಾಗೇ ಕೇಳಿಸಿತು. ಇನ್ನು ಯಂತ್ರ ಯಾಕೆ, ಹಾಸನದವರಿಗೆ ಕೊಟ್ಟುಬಿಡಬಹುದಲ್ಲ? ಲೆಕ್ಕ ಹಾಕಿದರೆ ಸರಿಯೇ. ಆದರೂ ಕೊಡುವ ಮುಂಚೆ ಒಂದು ಸಲ ಅಪ್ಪ ಅದರಲ್ಲೇ ನುಡಿಸಿದ್ದನ್ನು ರೆಕಾರ್ಡ್ ಮಾಡಿಕೊಳ್ಳೋಣ ಅಂದುಕೊಂಡೆ. ಸ್ವರಗಳು ಮಿಡಿಯಲ್ಲಿ, ಸದ್ದು ಆಡಿಯೋ ಕೇಬಲ್ಲಿನಲ್ಲಿ. ಶುರುವಾಯ್ತು ನೋಡಿ ತಾಪತ್ರಯ.

ಮೊದಲನೆಯದು ಗುಂಯ್ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಗುಂಯ್, ತೆಗೆದರೆ ಸ್ತಬ್ಧ. ಆಫೀಸಿನ ಗೆಳೆಯನೊಬ್ಬ "ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕು, ಸರಿಹೋಗುತ್ತೆ" ಅಂತ ಮೆಸೇಜ್ ಹಾಕಿದ. ಅದನ್ನು ಓದಿ ಹೇಳಿದ್ದೇ ತಡ, ಅಪ್ಪ ಸಿಡಿದರು. "ಯಾವನವನು? ಅರ್ತ್ ಇರೋದು ಜೀವ ಉಳಿಸೋಕೆ ಕಣಮ್ಮ, ಪಾಟು ಕೇಳೋಕಲ್ಲ." ಆಮೇಲೆ ಟೆಸ್ಟರ್ ಹಿಡಿದು ವೈರ್ ಗುಂಟ ನಡೆದರು. ಕೀಬೋರ್ಡ್ ಹಾಲ್‌ನ ಪಾಯಿಂಟಿನಲ್ಲಿತ್ತು, ಲ್ಯಾಪ್‌ಟಾಪ್ ರೂಮಿನಿಂದ ಎಳೆದ ಎಕ್ಸ್‌ಟೆನ್ಷನ್ನಿನಲ್ಲಿ. ನೆಲಕ್ಕೆ ಹೋಗುವ ದಾರಿ ಎರಡಾಗಿ, ಆಡಿಯೋ ಕೇಬಲ್ ಅವೆರಡನ್ನೂ ಸೇರಿಸಿ ಒಂದು ಸುತ್ತು ಆಗಿತ್ತು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದರು, ಮುಕ್ಕಾಲು ಸದ್ದು ಹೋಯ್ತು. ಉಳಿದದ್ದು ನಾನು ಆಮೇಲೆ ತಂದ ಡಿಐ ಬಾಕ್ಸಿಗೆ ಹೋಯ್ತು. ಅದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಸದ್ದನ್ನು ದಾಟಿಸಿ, ನೆಲದ ದಾರಿಯನ್ನು ಬೇರೆ ಮಾಡುತ್ತೆ. ಟ್ರಾನ್ಸ್‌ಫಾರ್ಮರ್ ಅಂದ ಕೂಡಲೇ ಅಪ್ಪನಿಗೆ ಆ ಡಬ್ಬಿ ಮೇಲೆ ಗೌರವ ಬಂತು.

ಎರಡನೆಯದು, ಒಂದು ಕೀ ಒತ್ತಿದರೆ ಸ್ವರ ಎರಡು. ಅಪ್ಪ ಒತ್ತಿದ ಸ್ವರ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ವಾಪಸ್ ಅದೇ ಯಂತ್ರಕ್ಕೆ ಬರುತ್ತಿತ್ತು. ಒಂದರ ಮೇಲೊಂದು ಕೂತು ತಗಡು ಡಬ್ಬದ ಸದ್ದು. ಒಟ್ಟು 16 ಸ್ವರ ಒಟ್ಟಿಗೆ ನುಡಿಸಬಲ್ಲ ಯಂತ್ರ ಎಂಟಕ್ಕೇ ಸುಸ್ತಾಗುತ್ತಿತ್ತು. ರೆಕಾರ್ಡ್ ಮಾಡುವಾಗ ಸಾಫ್ಟ್‌ವೇರ್ ಆ ಸ್ವರವನ್ನು ಹಿಂದಕ್ಕೆ ಕಳಿಸದ ಹಾಗೆ ಮಾಡಿದೆ. ಮುಗೀತು.

ಮೂರನೆಯದೇ ನನ್ನನ್ನು ಸುಸ್ತು ಮಾಡಿದ್ದು. ಸಾಫ್ಟ್‌ವೇರಿನ ಟಕ್ ಟಕ್ ಲಯಕ್ಕೆ ಅಪ್ಪ ಒಂದು ಹಳೇ ಕುಣಿತದ ಹಾಡು ನುಡಿಸಿದರು. ಪರದೆ ಮೇಲೆ ನೋಡಿದರೆ ಎಲ್ಲ ಸ್ವರಗಳೂ ಗೆರೆಗಿಂತ ಒಂಚೂರು ಮುಂಚೆ. ಸೆಕೆಂಡಿನ ಸಾವಿರದಲ್ಲಿ ಇಪ್ಪತ್ತು, ಇಪ್ಪತ್ತೈದು ಪಾಲಿನಷ್ಟು. ಕಂಪ್ಯೂಟರಿಗೆ ಸದ್ದು ಹೋಗಿಬರಲು ಹೊತ್ತು ಹಿಡಿಯುತ್ತೆ, ಅದನ್ನು ಸರಿದೂಗಿಸುವಾಗ ಸಾಫ್ಟ್‌ವೇರ್ ಅತಿ ಮಾಡಿರಬೇಕು ಅಂದುಕೊಂಡೆ. ಬಫರನ್ನು 512ರಿಂದ 128ಕ್ಕೆ ಇಳಿಸಿದೆ. ಅಂದರೆ ಸುಮಾರು 12 ಮಿಲಿಸೆಕೆಂಡಿನ ಕಂತು 3ಕ್ಕೆ ಇಳಿಯಿತು. ಸಿಂಥಸೈಜರಿಗೆ ಒಂದು ಟಿಕ್ ಕಳಿಸಿ ಅದು ವಾಪಸ್ ಬರಲು ಎಷ್ಟು ಹೊತ್ತಾಯ್ತು ಅಂತ ಅಳೆದೆ. ಡ್ರೈವರ್ ತೆಗೆದು ಹಾಕಿದೆ. ರಾತ್ರಿ ಒಂದೂವರೆ. ಅಪ್ಪ ಇನ್ನೊಮ್ಮೆ ನುಡಿಸಿದರು. ಅಷ್ಟೇ ಮುಂಚೆ.

ತಲೆಕೆಟ್ಟು ನಾನೇ ಕೂತು ನುಡಿಸಿದೆ. ನನ್ನ ಸ್ವರಗಳು ಗೆರೆ ಮೇಲೇ ಬಿದ್ದವು, ಕೆಲವು ಆಚೆ, ಕೆಲವು ಈಚೆ. ಅಂದರೆ ತಪ್ಪು ಕೇಬಲ್ಲಿನದಲ್ಲ.

"ಅಪ್ಪಾ, ನೀವು ಲಯಕ್ಕಿಂತ ಮುಂದೆ ಓಡ್ತಿದೀರ."

"ಓಡಲೇಬೇಕಲ್ಲ" ಅಂದರು, ಇದೇನು ಕೇಳೋ ವಿಷಯಾನಾ ಅನ್ನೋ ಹಾಗೆ. "ನಮ್ಮ ಡ್ರಮ್ಮರ್ ಎಳೀತಿದ್ದ ಕಣಮ್ಮ. ಪಾಪ, ಹಗಲೆಲ್ಲಾ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತು ಬರೋನು. ರಾತ್ರಿ ಹನ್ನೊಂದಾದ ಮೇಲೆ ಕೈ ಬೀಳ್ತಿತ್ತು. ನಾನು ಮುಂದೆ ಹೋದ್ರೆ ಅವ್ನು ಹಿಂದೆ ಬರ್ತಿದ್ದ. ಇಲ್ಲಾಂದ್ರೆ ಹಾಡು ಮಲಗಿಬಿಡೋದು."

ಆ ಡ್ರಮ್ಮರ್ ಅಂಕಲ್ ತೀರಿಕೊಂಡು ಒಂಬತ್ತು ವರ್ಷ. ಅಪ್ಪನ ಕೈ ಇನ್ನೂ ಅವರನ್ನು ಎಳೆದುಕೊಂಡು ಹೋಗುತ್ತಿದೆ.

ಸ್ವರಗಳನ್ನೆಲ್ಲ ಗೆರೆಗೆ ಕೂರಿಸೋ ಒಂದು ಗುಂಡಿ ಇದೆ. ನಾನು ದಿನಕ್ಕೆ ಹತ್ತು ಸಲ ಒತ್ತೋ ಗುಂಡಿ. ಆವತ್ತು ಒತ್ತಲಿಲ್ಲ. ಬದಲಿಗೆ ಡ್ರಮ್ ಟ್ರ್ಯಾಕನ್ನು ಇಪ್ಪತ್ತು ಮಿಲಿಸೆಕೆಂಡ್ ಹಿಂದಕ್ಕೆ ಸರಿಸಿ ಕೇಳಿಸಿದೆ. ಅಪ್ಪ ತಲೆ ಎತ್ತಿ ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ಆ ಹಾಡನ್ನು ಕಂಪ್ಯೂಟರಿನಿಂದ ವಾಪಸ್ ಯಂತ್ರಕ್ಕೆ ಕಳಿಸಿದೆ. ಯಾರೂ ಮುಟ್ಟದೆ ಡಿಎಕ್ಸ್7 ಅವರ ಕೈಯಲ್ಲೇ ನುಡಿಸಿತು. ಮಿಡಿ ಇಟ್ಟುಕೊಳ್ಳೋದು ಸದ್ದನ್ನಲ್ಲ, ಯಾವ ಕೀ, ಯಾವಾಗ, ಎಷ್ಟು ಜೋರು ಅನ್ನೋದನ್ನ. ಹಾಗಾಗಿ ಅದೇ ಹಾಡನ್ನು ಓಲಗದಲ್ಲೂ ಕೇಳಿದೆವು, ಮಳೆ ಬೆಲ್‌ನಲ್ಲೂ. ಡೆಕ್ಸೆಡ್‌ನಲ್ಲೂ ಹಾಕಿದೆ. "ಇದು ತೊಳೆದಿಟ್ಟ ಹಾಗಿದೆ" ಅಂದರು ಅಪ್ಪ. ಹಳೇ ಯಂತ್ರದ ತಳದಲ್ಲಿ ಸುಯ್ ಅನ್ನೋ ಸಣ್ಣ ಸದ್ದಿದೆ, ಅದು ಇದರಲ್ಲಿಲ್ಲ. ಅಮ್ಮ ಒಳಗಿಂದ "ರೀ, ಎರಡು ಗಂಟೆ" ಅಂತ ಕೂಗಿದಳು.

ಹಾಸನದವರಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ಬೆಳಗ್ಗೆ ಎದ್ದಾಗ ಅಪ್ಪ ಸ್ಕ್ರೂಡ್ರೈವರ್, ಬೆಸುಗೆ ಕಡ್ಡಿ ತೆಗೆದಿಟ್ಟುಕೊಂಡಿದ್ದರು. "ಬ್ಯಾಟರಿ ಬದಲಾಯಿಸೋಣ."

ಪ್ಲಗ್ ಎಳೆದು, ಕಾಫಿ ಕುಡಿಯೋವರೆಗೂ ಕಾದು, ಮುಚ್ಚಳ ಎತ್ತಿದರು. ನಾನು ಮೊಬೈಲ್ ಟಾರ್ಚ್ ಹಿಡಿದೆ. ಹಳೇ ಬ್ಯಾಟರಿಯ ಕಾಲಿಗೆ ಕಡ್ಡಿ ತಾಗಿಸುವಾಗ ಅವರ ಕೈ ಸ್ವಲ್ಪ ನಡುಗಿತು. ವಯಸ್ಸೋ, ಹೆದರಿಕೆಯೋ. ಬ್ಯಾಟರಿ ಹೊರಗೆ ಬಂದರೆ ಒಳಗಿನದೆಲ್ಲ ಅಳಿಸಿಹೋಗುತ್ತೆ ಅಂತ ಇಬ್ಬರಿಗೂ ಗೊತ್ತು. ನಾನು ಮೂರನೇ ಸಲ ಫೈಲ್ ನೋಡಿದೆ, 4,104. ಮೇಲ್‌ನಲ್ಲಿ ಒಂದು, ಪೆನ್ ಡ್ರೈವಿನಲ್ಲಿ ಒಂದು. "ತೆಗೀರಿ" ಅಂದೆ.

ಮುಂದಿನ ಸಲ ಬೆಸುಗೆ ಬೇಡ ಅಂತ ಸಿಆರ್2032 ಕೂರುವ ಹೋಲ್ಡರ್ ಹಾಕಿದರು. ಸ್ವಿಚ್ ಒತ್ತಿದೆವು. ಪರದೆಯಲ್ಲಿ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು. ಒಂದು ಕೀ ಒತ್ತಿದರೆ ಗರಗಸದಂಥ ಕರ್ಕಶ. ಅಪ್ಪ ಕೈ ಹಿಂದಕ್ಕೆ ತಗೊಂಡರು. ನಾನು ಮೆಮೊರಿಯ ಬೀಗ ತೆಗೆದೆ, ಹೊರಗಿನ ಸಂದೇಶ ತಗೋ ಅಂತ ಯಂತ್ರಕ್ಕೆ ಹೇಳಿದೆ. ಈ ಸಲ ಬೇಕಂತಲೇ 'ಕಳಿಸು' ಒತ್ತಿದೆ.

ಒಂದೂಕಾಲು ಸೆಕೆಂಡು.

ಅಪ್ಪ ಒಂದರಿಂದ ಶುರುಮಾಡಿ ಎಲ್ಲವನ್ನೂ ನುಡಿಸಿ ನೋಡಿದರು. ಇಪ್ಪತ್ತೇಳಕ್ಕೆ ಬಂದಾಗ ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದು ನಿಂತಳು. "ಇನ್ನೂ ಇದೆಯಾ ಇದು?" ಅಂದಳು. ಆಮೇಲೆ ನನ್ನನ್ನು ನೋಡಿ, "ಇದಕ್ಕಿಂತ ಜೋರಾಗಿ ಅಳ್ತಿದ್ದೆ" ಅಂತ ಒಳಗೆ ಹೋದಳು.

ಬಸ್ ಹತ್ತುವ ಮುಂಚೆ ಅಪ್ಪ, "ಆ ಫೈಲ್ ನನ್ನ ವಾಟ್ಸಾಪ್‌ಗೂ ಹಾಕು" ಅಂದರು. ಹಾಕಿದೆ. ತುಮಕೂರು ದಾಟೋ ಹೊತ್ತಿಗೆ ಫೋನ್ ಬಂತು. ಅದನ್ನು ಅವರು ಆರ್ಕೆಸ್ಟ್ರಾದ ಹಳೇ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದರು. ಗಿಟಾರ್ ನುಡಿಸುತ್ತಿದ್ದವರು, "ಓಪನ್ ಆಗ್ತಿಲ್ಲ, ಮದುವೆ ಕಾರ್ಡಾ?" ಅಂತ ಕೇಳಿದ್ದಾರಂತೆ.