ಮರೆಯಲ್ಲಿದ್ದ ಫಲಕ

ಸಂಚಾರ ಪೊಲೀಸರು ವಿಧಿಸಿದ 500 ರೂಪಾಯಿ ದಂಡವನ್ನು ಕಟ್ಟಿ ಮನೆಗೆ ಬರುವುದು ಸುಲಭ. ಬಾಕಿ ಇಟ್ಟವರಿಗೆ 2023ರಲ್ಲಿಯೂ 2025ರಲ್ಲಿಯೂ ಸರ್ಕಾರ ಅರ್ಧದಷ್ಟು ರಿಯಾಯಿತಿ ನೀಡಿದ್ದುಂಟು. ಹೀಗಿರುವಾಗ ದಂಡವನ್ನು ಪ್ರಶ್ನಿಸುವುದು ಅನೇಕರಿಗೆ ಹಟಮಾರಿತನವಾಗಿ ತೋರಬಹುದು. ನನ್ನ ಮನೆಯವರಿಗೂ ಹಾಗೆಯೇ ತೋರಿತು.

ಬಸವೇಶ್ವರನಗರದ ನಮ್ಮ ಮನೆಯ ಸಮೀಪ ಒಳಚರಂಡಿ ಕಾಮಗಾರಿಗಾಗಿ ಅಡ್ಡರಸ್ತೆಯೊಂದನ್ನು ಕೆಲವು ದಿನಗಳ ಮಟ್ಟಿಗೆ ಏಕಮುಖ ಮಾಡಿದ್ದರು. ಪ್ರವೇಶ ನಿಷೇಧದ ತಾತ್ಕಾಲಿಕ ಫಲಕವನ್ನು ಮರಳಿನ ಚೀಲಗಳಿಗೆ ಒರಗಿಸಿ ಇಟ್ಟಿದ್ದರು. ಅದರ ಮುಂದೆ ಯಾರದೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್. ರಾಜಾಜಿನಗರದ ಕಡೆಯಿಂದ ಬಂದು ತಿರುಗುವವರಿಗೆ ಕೆಂಪು ವೃತ್ತದ ಅಂಚಷ್ಟೇ ಕಾಣುತ್ತಿತ್ತು. ಅದೂ ತಿರುಗಿದ ಮೇಲೆ. ಮೂವತ್ತು ಹೆಜ್ಜೆ ಮುಂದೆ ಪೊಲೀಸರು ನಿಂತಿದ್ದರು. ನನಗಿಂತ ಮುಂಚೆ ಸಿಕ್ಕಿಬಿದ್ದಿದ್ದ ವೃದ್ಧ ಆಟೋ ಚಾಲಕರೊಬ್ಬರು ಸ್ವಲ್ಪ ವಾದಿಸಿ, "ಕೋರ್ಟಿಗೆ ಅಲೆದರೆ ಆ ದಿನದ ಬಾಡಿಗೆ ಹೋಯ್ತು, ಸ್ವಾಮಿ" ಎಂದು ಹಣ ಎಣಿಸಿಕೊಟ್ಟರು. ನಾನು ಕಟ್ಟದೆ ನೋಟಿಸನ್ನು ಪಡೆದುಕೊಂಡೆ.

1988ರ ಮೋಟಾರು ವಾಹನ ಕಾಯಿದೆಯನ್ನು ಅಂದು ರಾತ್ರಿ ತೆರೆದು ನೋಡಿದೆ. ಒಂದು ತಿಂಗಳಿಗೆ ಮೀರದ ನಿರ್ಬಂಧಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕಿಲ್ಲವೆಂದು 115ನೆಯ ಕಲಂ ಹೇಳುತ್ತದೆ. ಆದರೆ ಸಾಧ್ಯವಿರುವಷ್ಟು ಸ್ಥಳೀಯ ಪ್ರಚಾರ ಕೊಡಬೇಕು, ತಕ್ಕ ಸ್ಥಳದಲ್ಲಿ ಫಲಕ ನಿಲ್ಲಿಸಬೇಕು. ಫಲಕವನ್ನು ಮರೆಮಾಡುವ ಜಾಹೀರಾತನ್ನು ತೆಗೆಸುವ ಅಧಿಕಾರವನ್ನು ಹಿರಿಯ ಪೊಲೀಸ್ ಅಧಿಕಾರಿಗಳಿಗೆ ಕೊಡಲು 116ನೆಯ ಕಲಮಿನಲ್ಲಿ ಅವಕಾಶವಿದೆ. ಕಾಣದ ಫಲಕದ ಪ್ರಶ್ನೆ ಶಾಸನ ಮಾಡಿದವರ ಗಮನಕ್ಕೂ ಬಂದಿತ್ತೆಂಬುದು ನನಗೆ ಧೈರ್ಯ ತಂದಿತು.

ಮರುದಿನ ಚಿತ್ರ ತೆಗೆಯಲು ಹೋದಾಗ ಜೊತೆಗೆ ಬಂದಿದ್ದ ನೆರೆಯವರು, "ಫಲಕವನ್ನು ಒಂದು ಗೇಣು ಒಳಕ್ಕೆ ಸರಿಸಿ ತೆಗೆಯಿರಿ, ಅಂಚೂ ಕಾಣಿಸದು" ಎಂದರು. ಇನ್ನೊಬ್ಬ ಮಿತ್ರರ ಸಲಹೆ ಇನ್ನೂ ಸರಳ: ಫಲಕವೇ ಇರಲಿಲ್ಲವೆಂದು ಬರೆದುಬಿಡುವುದು. ಇಬ್ಬರೂ ಸಜ್ಜನರು, ನನ್ನ ಹಿತವನ್ನೇ ಬಯಸಿದವರು. ಫಲಕವನ್ನು ಬೇಕೆಂದೇ ಕದಲಿಸುವುದನ್ನು ಅದೇ 116ನೆಯ ಕಲಂ ನಿಷೇಧಿಸಿದೆ, ಅದಿರಲಿ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಸುಳ್ಳು ಪತ್ರ ಬರೆಯುವುದೆಂದು ನಾವು ಅದಕ್ಕೆ ಅರ್ಥ ಹೇಳುತ್ತೇವೆ. ಒಂದು ಗೇಣು ಸರಿಸಿ ತೆಗೆದ ಚಿತ್ರವೂ ಲೇಖವೇ ಅಲ್ಲವೆ? ನನ್ನ ಪಕ್ಷ ನ್ಯಾಯವಾದದ್ದೆಂಬ ನಂಬಿಕೆಯೇ ಇಂತಹ ಸಣ್ಣ ಸರಿಸುವಿಕೆಗೆ ಮನಸ್ಸನ್ನು ಒಪ್ಪಿಸುತ್ತದೆ. ತಪ್ಪಿತಸ್ಥನಿಗಾದರೋ ಒಂದಿಷ್ಟು ಅಳುಕಾದರೂ ಇರುತ್ತದೆ.

ಆದುದರಿಂದ ಫಲಕ ಇದ್ದ ಹಾಗೆಯೇ ನಾಲ್ಕು ಚಿತ್ರ ತೆಗೆದೆ: ದೂರದಿಂದ ಎರಡು, ತಿರುವಿನಲ್ಲಿ ಒಂದು, ಅಂಚು ಕಾಣುವಲ್ಲಿ ಒಂದು. ಕೊನೆಯದು ನನಗೆ ಅನುಕೂಲವಾದುದಲ್ಲ. "ಫಲಕವಿತ್ತು, ತಿರುಗುವ ಮೊದಲು ಕಾಣುತ್ತಿರಲಿಲ್ಲ" ಎಂದು ಮನವಿ ಬರೆದು ಠಾಣೆಗೆ ಒಯ್ದೆ.

ಅಲ್ಲಿನ ಅಧಿಕಾರಿ ಅದನ್ನು ಎರಡು ಸಲ ಓದಿದರು. "ಎಲ್ಲರೂ ಬೋರ್ಡೇ ಇರಲಿಲ್ಲ ಅಂತ ಬರೆಯುತ್ತಾರೆ. ನೀವು ಇತ್ತು ಅಂತ ಬರೆದಿದ್ದೀರಲ್ಲ!" ಎಂದು ನಕ್ಕರು. ಆಮೇಲೆ ಒಬ್ಬ ಪೇದೆಯನ್ನು ನನ್ನೊಡನೆ ಕಳುಹಿಸಿದರು. ಅವರು ಸ್ಥಳ ನೋಡಿ ಬಂದು ವರದಿ ಮಾಡಿದ ಮೇಲೆ ನೋಟಿಸು ರದ್ದಾಯಿತು. ಸಂಜೆಯ ಹೊತ್ತಿಗೆ ಫ್ಲೆಕ್ಸ್ ಇರಲಿಲ್ಲ. ಫಲಕ ಕಂಬದ ಮೇಲೆ ಏರಿತ್ತು.

ಆ ಆಟೋ ಚಾಲಕರ ಹಣದ ವಿಷಯ ಕೇಳಿದೆ. ಸ್ಥಳದಲ್ಲಿ ಕಟ್ಟಿದ ಮೇಲೆ ಪ್ರಕರಣ ಮುಗಿದಂತೆ, ಮರಳಿಸಲು ಬಾರದು ಎಂದರು. ಆ ಫಲಕದ ಬಳಿ ಅದುವರೆಗೆ ದಂಡ ತೆತ್ತವರೆಲ್ಲರ ಪರವಾಗಿ ಇನ್ನೊಂದು ಮನವಿಯನ್ನು, ಅವೇ ನಾಲ್ಕು ಚಿತ್ರಗಳೊಡನೆ, ಮೇಲಧಿಕಾರಿಗಳಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.