ಸಿಳ್ಳಾರವೂ ಕೊಕ್ಕೆಹುಳುವೂ

ಚಾರ್ಮಾಡಿಯ ತಪ್ಪಲಿನಲ್ಲಿ, ಬೆಳ್ತಂಗಡಿ ತಾಲೂಕಿನ ಒಂದು ಅಡಕೆಯ ತೋಟದಲ್ಲಿ ನನ್ನ ಬಾಲ್ಯವು ಕಳೆಯಿತು. ಮಳೆಗಾಲದಲ್ಲಿ ಬೆಳಕು ಹರಿಯುವ ಮುನ್ನವೇ ತೋಡಿನ ಬಂಡೆಗಳ ಕಡೆಯಿಂದ ಸಿಳ್ಳಾರ ಹಕ್ಕಿಯ ಉಲಿಯು ಕೇಳಿಬರುತ್ತಿದ್ದಿತು. ಯಾವನೋ ಕೆಲಸವಿಲ್ಲದ ಹುಡುಗನು ಸಿಳ್ಳುಹಾಕುತ್ತ ಹೋಗುವಂತಹ ದನಿ. ಇಂಗ್ಲಿಷರು ಇದಕ್ಕೆ ‘ಸಿಳ್ಳುಹಾಕುವ ಶಾಲಾಬಾಲಕ’ನೆಂದೇ ಹೆಸರಿಟ್ಟಿದ್ದರು.

ಅದನ್ನು ಕೇಳಲೆಂದು ನಾನೂ ನನ್ನ ತಂಗಿಯೂ ಬರಿಗಾಲಿನಲ್ಲಿ ತೋಟಕ್ಕೆ ಓಡುತ್ತಿದ್ದೆವು. ಆಗ ಮನೆಯಲ್ಲಿ ಶೌಚಗೃಹವಿರಲಿಲ್ಲ. ಎಲ್ಲರಿಗೂ ತೋಟದ ಅಂಚೇ ಗತಿ. ತಂಗಿಗೆ ಒಂಬತ್ತು ವರ್ಷವಾದಾಗ ಅವಳ ಮುಖವು ಬಿಳಿಚಿಕೊಂಡಿತು. ನಾಲ್ಕು ಮೆಟ್ಟಲು ಹತ್ತಿದರೆ ಏದುಸಿರು. ಗುಟ್ಟಾಗಿ ಮಣ್ಣು ತಿನ್ನುವ ಚಾಳಿ ಬೇರೆ. ದೃಷ್ಟಿ ತಾಗಿತೆಂದು ಹಿರಿಯರೆಂದರು. ಸೋಮಾರಿಯೆಂದು ಹಳಿದವನು ನಾನು. ಹೀಗೆಯೇ ಒಂದು ವರ್ಷ ಸಂದಿತು. ಕಡೆಗೆ ಬಂಟ್ವಾಳದ ವೈದ್ಯರೊಬ್ಬರು ಮಲಪರೀಕ್ಷೆ ಮಾಡಿ, ಸೂಕ್ಷ್ಮದರ್ಶಕದಲ್ಲಿ ಕೊಕ್ಕೆಹುಳುವಿನ ತತ್ತಿಗಳನ್ನು ನನಗೂ ತೋರಿಸಿದರು.

ಆ ಬಳಿಕ ಈ ಹುಳುವಿನ ವೃತ್ತಾಂತವನ್ನು ಓದಿದೆನು. ಇದರ ಉದ್ದ ಸುಮಾರು ೧ ಸೆಂಟಿಮೀಟರು. ೧೮೩೮ರಲ್ಲಿ ಮಿಲಾನಿನ ದುಬಿನಿಯೆಂಬ ವೈದ್ಯನು ಇದನ್ನು ಮಾನವನ ಕರುಳಿನಲ್ಲಿ ಕಂಡನು. ಇದು ಚರ್ಮದ ಮೂಲಕ ಒಳಹೊಗುವುದೆಂಬುದು ಆ ಶತಮಾನದ ಕೊನೆಯಲ್ಲಿ, ಕೈರೋದಲ್ಲಿದ್ದ ಲೂಸ್ ಎಂಬ ಪಂಡಿತನ ಕೈಮೇಲೆ ಮರಿಗಳು ಅಕಸ್ಮಾತ್ತಾಗಿ ಚೆಲ್ಲಿದುದರಿಂದ ತಿಳಿದುಬಂದಿತು. ಒದ್ದೆಮಣ್ಣಿನಿಂದ ಅಂಗಾಲನ್ನು ಹೊಕ್ಕ ಮರಿಯು ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಶ್ವಾಸನಾಳವನ್ನೇರಿ, ಉಗುಳಿನೊಡನೆ ಹೊಟ್ಟೆಗಿಳಿದು, ಸಣ್ಣಕರುಳನ್ನು ಕಚ್ಚಿಕೊಂಡು ರಕ್ತವನ್ನು ಹೀರುವುದು. ಹೆಣ್ಣುಹುಳುವೊಂದು ದಿನಕ್ಕೆ ಸಾವಿರಾರು ತತ್ತಿಗಳನ್ನಿಡುವುದು. ಹಕ್ಕಿಯ ಗಾನಯಂತ್ರವಾದರೋ ಶ್ವಾಸನಾಳವು ಎರಡಾಗಿ ಕವಲೊಡೆಯುವಲ್ಲಿರುವುದು. ಒಂದು ಜೀವಿಯು ಅಲ್ಲಿಂದ ಹಾಡುವುದು; ಇನ್ನೊಂದು ನಮ್ಮೊಳಗೆ ಅಂತಹುದೇ ಕವಲನ್ನು ಸದ್ದಿಲ್ಲದೆ ದಾಟುವುದು.

ಕೆಲವು ವರ್ಷಗಳ ಮೇಲೆ ಮೂಡುಬಿದಿರೆಗೆ ಹೋಗಿದ್ದಾಗ, ೧೫ನೆಯ ಶತಮಾನದ ಸಾವಿರ ಕಂಬದ ಬಸದಿಯ ಜಗಲಿಯಲ್ಲಿ ಕುಳಿತು ಜೈನಮಿತ್ರರೊಬ್ಬರೊಡನೆ ಈ ಮಾತನ್ನೆತ್ತಿದೆನು. ತಮ್ಮ ಶಾಸ್ತ್ರವು ಜೀವಿಗಳನ್ನು ಇಂದ್ರಿಯಗಳಿಂದ ಎಣಿಸುವುದೆಂದೂ, ಸ್ಪರ್ಶ ಮತ್ತು ರುಚಿಗಳುಳ್ಳ ಹುಳುವು ದ್ವೀಂದ್ರಿಯ, ಹಕ್ಕಿಯು ನಮ್ಮಂತೆಯೇ ಪಂಚೇಂದ್ರಿಯವೆಂದೂ, ಎರಡೂ ಜೀವವೇ ಎಂದೂ ಅವರು ಹೇಳಿದರು. ಕತ್ತಲೆಯ ಕರುಳಿನಲ್ಲಿ ಬಾಳುವುದಕ್ಕೆ ಕಣ್ಣೇಕೆ, ಹಾಡೇಕೆ? ಸಿಳ್ಳಾರವು ಹಾಡುವುದು ತನ್ನ ಎಲ್ಲೆಯನ್ನು ಸಾರಲು, ಸಂಗಾತಿಯನ್ನು ಕರೆಯಲು, ನಮ್ಮ ಸಂತೋಷಕ್ಕಲ್ಲ. ಹುಳುವು ಹೀರುವುದು ನಮ್ಮ ಮೇಲಿನ ಹಗೆಯಿಂದಲ್ಲ. ಒಂದರ ಮೇಲೆ ಗುಣವನ್ನೂ ಇನ್ನೊಂದರ ಮೇಲೆ ದೋಷವನ್ನೂ ಹೊರಿಸುವವರು ನಾವು. ಹುಳುವಿಗೆ ದಾರಿಮಾಡಿಕೊಟ್ಟುದು ನಮ್ಮ ಬರಿಗಾಲು, ನಮ್ಮ ತೋಟದಂಚು. ಹುಳುವನ್ನು ಕೊಲ್ಲುವ ಮದ್ದನ್ನು ಕೊಡಿಸಿದುದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಸೋಮಾರಿಯೆಂದು ಹಳಿದುದಕ್ಕೆ ಇಂದಿಗೂ ಇದೆ.

ಮದ್ದಿನಿಂದಲೂ ಕಬ್ಬಿಣದ ಸತ್ವದಿಂದಲೂ ಕೆಲವು ತಿಂಗಳಲ್ಲಿ ತಂಗಿಯ ಕೆನ್ನೆಗೆ ಬಣ್ಣ ಬಂದಿತು. ೨೦೧೫ರಿಂದೀಚೆಗೆ ಶಾಲೆಗಳಲ್ಲಿಯೇ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಕೊಡುತ್ತಿದ್ದಾರೆ. ನಮ್ಮ ಮನೆಯ ಮೊಮ್ಮಕ್ಕಳೂ ಮಳೆಗಾಲದ ನಸುಕಿನಲ್ಲಿ ಸಿಳ್ಳಾರವನ್ನು ಕೇಳಲು ಓಡುವರು. ತಂಗಿಯು ಊರಿಗೆ ಬಂದಾಗ ಹೊಸ್ತಿಲಲ್ಲಿ ನಿಂತು, ಒಬ್ಬೊಬ್ಬರ ಕಾಲನ್ನೂ ನೋಡಿ, ಚಪ್ಪಲಿ ಮೆಟ್ಟಿದವರನ್ನು ಮಾತ್ರ ಹೊರಗೆ ಬಿಡುವಳು.